ಕಡತ ಕಳೆದರೂ ಹಕ್ಕು ಕಳೆಯದು

ಸೇನೆಯಿಂದ ‘ಬೋರ್ಡ್ ಔಟ್’ ಆಗಿ ಬಂದವರ ಅಂಗವಿಕಲ ಪಿಂಚಣಿ: ವೈದ್ಯಕೀಯ ದಾಖಲೆ ಸಿಗದಿದ್ದಾಗ ಏನು ದಾರಿ?

ತಾವು ಕೇಳಿರುವ ದಾಖಲೆಗಳನ್ನು ಕಾಯ್ದಿರಿಸುವ ಅವಧಿ ಮುಗಿದ ಕಾರಣ ನಾಶಪಡಿಸಲಾಗಿದೆ, ಎಂಬ ಅರ್ಥದ ಪತ್ರವೊಂದು ಸೇನೆಯ ದಾಖಲೆ ಕಚೇರಿಯಿಂದ ಬಂತೆಂದರೆ ಸಾಕು, ಎಷ್ಟೋ ಮನೆಗಳಲ್ಲಿ ಪಿಂಚಣಿಯ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ‘ಕಾಗದಾನೇ ಇಲ್ಲ ಅಂದ್ಮೇಲೆ ಯಾರನ್ನ ಕೇಳೋದು, ಬಿಡ್ರಿ’ ಎಂದು ಅರ್ಜಿಯನ್ನು ಮಡಚಿ ಜಂತಿಗೆ ಸಿಕ್ಕಿಸಿಬಿಡುತ್ತಾರೆ.

ಎಂಟು ಹತ್ತು ವರ್ಷ ಬಂದೂಕು ಹೊತ್ತು, ಕಾಲೋ ಕಿವಿಯೋ ಕೆಟ್ಟು, ಪಿಂಚಣಿಯಿಲ್ಲದೆ ಊರಿಗೆ ಮರಳಿ, ಹೊಲ ಉತ್ತೋ ಅಂಗಡಿಯ ಲೆಕ್ಕ ಬರೆದೋ ಬದುಕು ಸಾಗಿಸಿದವರು ನಮ್ಮ ಗಡಿನಾಡಿನ ಹಳ್ಳಿಗಳಲ್ಲೂ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಹೇಳಬೇಕಾದ ಮಾತು ಇಷ್ಟೆ. ಕಡತ ನಾಶವಾದರೆ ಸಾಕ್ಷ್ಯದ ಒಂದು ಬಾಗಿಲು ಮುಚ್ಚಿದಂತೆ. ಹಕ್ಕು ಹಾಗೆಯೇ ಉಳಿದಿರುತ್ತದೆ, ಬೇರೆ ಬಾಗಿಲುಗಳೂ ಇರುತ್ತವೆ. ಆದರೆ ಅವನ್ನು ತಟ್ಟಲು ಒಂದು ಕ್ರಮವಿದೆ, ತಡ ಮಾಡಿದಷ್ಟೂ ನಷ್ಟವಿದೆ.

ಬೇಕಾದವನ ಕಾಗದವೇ ಮೊದಲು ನಾಶ

ಸೇನೆ ಸೇರಿದ ಪ್ರತಿಯೊಬ್ಬ ಜವಾನನಿಗೂ ಒಂದು ಕಡತ ಇರುತ್ತದೆ. ಭರ್ತಿಯ ದಿನ ಎದೆ ಅಳೆದು ಕಣ್ಣು ಪರೀಕ್ಷಿಸಿದ ಹಾಳೆಯಿಂದ ಹಿಡಿದು ಬಿಡುಗಡೆಯ ದಿನದ ಮೆಡಿಕಲ್ ಬೋರ್ಡಿನ ವರದಿಯವರೆಗೆ ಎಲ್ಲವೂ ಅದರಲ್ಲಿ ಸೇರುತ್ತವೆ. ಅವನು ಮನೆಗೆ ಬಂದ ಮೇಲೆ ಆ ಕಡತ ಅವನ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ಉಳಿಯುತ್ತದೆ. ಎಷ್ಟು ಕಾಲ ಉಳಿಯಬೇಕು ಎಂಬುದನ್ನು 1987ರ ಸೇನಾ ನಿಯಮಾವಳಿ ಹೇಳುತ್ತದೆ. ಪಿಂಚಣಿ ಪಡೆಯದೆ ಹೋದವರ ಕಡತಕ್ಕೆ ಅದು ಕೊಟ್ಟಿರುವ ಆಯುಷ್ಯ 25 ವರ್ಷ. ಆಮೇಲೆ ಕಡತ ಹೋಗುತ್ತದೆ. ‘ಲಾಂಗ್ ರೋಲ್’ ಎಂಬ ದೊಡ್ಡ ಪುಸ್ತಕದಲ್ಲಿ ಅವನ ನಂಬರು, ಹೆಸರು, ಭರ್ತಿಯಾದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಇಂಥ ಒಂದು ಸಾಲು ಮಾತ್ರ ಉಳಿಯುತ್ತದೆ.

ಇಲ್ಲಿರುವ ವಿಪರ್ಯಾಸ ನೋಡಿ. ಕಾಯಿಲೆ ಎಂದು ಮನೆಗೆ ಕಳಿಸಿದರು. ‘ಈ ಕಾಯಿಲೆಗೂ ಸೇನೆಯ ಸೇವೆಗೂ ಸಂಬಂಧವಿಲ್ಲ’ ಎಂದು ಪಿಂಚಣಿ ನಿರಾಕರಿಸಿದರು. ನಿರಾಕರಿಸಿದ್ದರಿಂದ ಅವನು ‘ಪಿಂಚಣಿ ಇಲ್ಲದವನು’ ಎಂಬ ಪಟ್ಟಿಗೆ ಸೇರಿದ. ಆ ಪಟ್ಟಿಗೆ ಸೇರಿದ್ದರಿಂದ ಅವನ ಕಡತ 25 ವರ್ಷಕ್ಕೆ ನಾಶವಾಯಿತು. ಅಂದರೆ ತನಗೆ ಅನ್ಯಾಯವಾಗಿದೆ ಎಂದು ತೋರಿಸಲು ಯಾರಿಗೆ ಕಾಗದ ಬೇಕೋ ಅವನ ಕಾಗದವೇ ಮೊದಲು ಇಲ್ಲವಾಗುತ್ತದೆ. ಸರ್ವೋಚ್ಚ ನ್ಯಾಯಾಲಯ ಇಂಥವರ ಪರವಾಗಿ ಸ್ಪಷ್ಟ ತೀರ್ಪು ಕೊಟ್ಟದ್ದು 2013ರಲ್ಲಿ. ಆ ಹೊತ್ತಿಗೆ 1988ಕ್ಕಿಂತ ಮೊದಲು ಪಿಂಚಣಿಯಿಲ್ಲದೆ ಬಂದವರ ಕಡತಗಳ ಅವಧಿ ಮುಗಿದೇ ಹೋಗಿತ್ತು.

ಲಾರಿ ರಸೀದಿಯ ನ್ಯಾಯ

ವ್ಯಾಪಾರಸ್ಥರಿಗೆ ಈ ತೀರ್ಪನ್ನು ಒಂದು ಮಾತಿನಲ್ಲಿ ಹೇಳಬಹುದು. ನೀವು ಲಾರಿ ಆಫೀಸಿಗೆ ಮಾಲು ಒಪ್ಪಿಸಿದಿರಿ. ಅವರು ಬಿಚ್ಚಿ ನೋಡಿ, ಮಾಲು ಸರಿಯಿದೆ ಎಂದು ರಸೀದಿ ಕೊಟ್ಟರು. ಆಚೆ ಊರಲ್ಲಿ ಇಳಿಸುವಾಗ ಮಾಲು ಒಡೆದಿದೆ. ಈಗ ಒಡೆದದ್ದು ಹೇಗೆ ಎಂದು ಹೇಳಬೇಕಾದವರು ಯಾರು? ಮಾಲು ಒಪ್ಪಿಸಿಕೊಂಡವರು ತಾನೇ? ಕಳಿಸಿದವನೇ ಬಂದು ಯಾವ ತಿರುವಿನಲ್ಲಿ ಒಡೆಯಿತು ಎಂದು ಸಾಬೀತು ಮಾಡಲಿ ಅಂದರೆ ಯಾರೂ ಒಪ್ಪುವುದಿಲ್ಲ.

ಧರಂವೀರ್ ಸಿಂಗ್ ಪ್ರಕರಣದಲ್ಲಿ ಕೋರ್ಟು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆತ 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸಿಪಾಯಿಯಾಗಿ ಸೇರಿದವರು. ಸುಮಾರು ಒಂಬತ್ತು ವರ್ಷ ಸೇವೆ ಮಾಡಿದ ಮೇಲೆ ಅಪಸ್ಮಾರದ ಕಾರಣಕ್ಕೆ, ಶೇ 20ರಷ್ಟು ಅಂಗವೈಕಲ್ಯ ಎಂದು ಬರೆದು, 1994ರಲ್ಲಿ ಅವರನ್ನು ಮನೆಗೆ ಕಳಿಸಲಾಯಿತು. ಕಾಯಿಲೆ ಹುಟ್ಟಿನಿಂದ ಬಂದ ದೇಹಪ್ರಕೃತಿಯದು, ಸೇವೆಗೆ ಸಂಬಂಧಿಸಿದ್ದಲ್ಲ ಎಂದು ಬೋರ್ಡ್ ಬರೆದಿತ್ತು. ಕಾರಣವೇನು ಎಂದು ಬರೆದಿರಲಿಲ್ಲ. ಹಿಮಾಚಲ ಪ್ರದೇಶದ ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು, ಮೇಲ್ಮನವಿಯಲ್ಲಿ ಸೋತು, ಕೊನೆಗೆ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಅವರು ಗೆದ್ದರು.

ಆ ತೀರ್ಪಿನ ತಿರುಳು ಹೀಗಿದೆ. ಭರ್ತಿಯ ಹೊತ್ತಿನಲ್ಲಿ ಕಾಯಿಲೆಯ ಬಗ್ಗೆ ಯಾವ ಟಿಪ್ಪಣಿಯೂ ಇಲ್ಲದಿದ್ದರೆ, ಆ ದಿನ ಅವನು ಪೂರ್ಣ ಆರೋಗ್ಯವಂತ ಎಂದೇ ಭಾವಿಸಬೇಕು. ಆಮೇಲೆ ವೈದ್ಯಕೀಯ ಕಾರಣಕ್ಕೆ ಹೊರಗೆ ಕಳಿಸಿದರೆ, ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕು. ಹಾಗಲ್ಲ ಎನ್ನುವುದಾದರೆ ಅದನ್ನು ತೋರಿಸುವ ಹೊಣೆ ಇಲಾಖೆಯದು. ಸಂದೇಹ ಬಂದಲ್ಲಿ ಅದರ ಲಾಭ ಸೈನಿಕನಿಗೆ. ಗಡಿಯ ಮುಂಚೂಣಿಯಂಥ ಕಡೆ ದುಡಿದವನಿಗಂತೂ ಇನ್ನೂ ಉದಾರವಾಗಿ ಸಿಗಬೇಕು. ಕಾಯಿಲೆ ಭರ್ತಿಯ ಪರೀಕ್ಷೆಯಲ್ಲಿ ಪತ್ತೆಯಾಗುವಂಥದ್ದಲ್ಲ ಎಂದು ವೈದ್ಯರು ಹೇಳಬಹುದು, ಆದರೆ ಕಾರಣ ಬರೆಯಬೇಕು. ಇವೆಲ್ಲ ನ್ಯಾಯಾಲಯ ಹೊಸದಾಗಿ ಸೃಷ್ಟಿಸಿದ ಮಾತುಗಳಲ್ಲ. 1982ರ ಅರ್ಹತಾ ನಿಯಮಗಳಲ್ಲೇ ಇದ್ದವು, ಓದುವವರಿರಲಿಲ್ಲ ಅಷ್ಟೆ.

2014ರಲ್ಲಿ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಕೋರ್ಟು ಇನ್ನೊಂದು ಮಾತು ಸೇರಿಸಿತು. ಅಂಗವಿಕಲ ಪಿಂಚಣಿಗೆ ಕನಿಷ್ಠ ಶೇ 20ರ ವೈಕಲ್ಯ ಬೇಕು ಎಂಬುದು ಹಳೆಯ ನಿಯಮ. ಅನಾರೋಗ್ಯದ ಕಾರಣಕ್ಕೆ ಸೇನೆಯೇ ಒಬ್ಬನನ್ನು ಹೊರಗೆ ಕಳಿಸಿದೆ ಎಂದರೆ ಅವನ ವೈಕಲ್ಯ ಶೇ 20ಕ್ಕಿಂತ ಮೇಲೆ ಇತ್ತು ಎಂದೇ ತಿಳಿಯಬೇಕು ಎಂದು ಕೋರ್ಟು ಹೇಳಿತು. ಕಡತ ಕಳೆದವರಿಗೆ ಈ ಮಾತು ಬಹಳ ಮುಖ್ಯ. ಯಾಕೆಂದರೆ ಶೇಕಡಾವಾರು ಬರೆದ ಹಾಳೆ ಸಿಗದೆ ಹೋದರೂ, ಅನಾರೋಗ್ಯದಿಂದಲೇ ಹೊರಬಂದದ್ದು ಎಂದು ತೋರಿಸಿದರೆ ಅರ್ಧ ದಾರಿ ಸಾಗಿದಂತೆ.

ಹದಿನೈದು ವರ್ಷದ ಗೆರೆ

ಇಷ್ಟು ಓದಿ ‘ಹಾಗಾದ್ರೆ ನಮ್ಮ ಕೆಲಸ ಏನೂ ಇಲ್ಲ, ಹೊಣೆ ಎಲ್ಲಾ ಸರ್ಕಾರದ್ದೇ’ ಎಂದು ಕೂರುವಂತಿಲ್ಲ. 2008ರ ಜನವರಿ 1ರಿಂದ ಬಂದ ಹೊಸ ಅರ್ಹತಾ ನಿಯಮಗಳಲ್ಲಿ ಒಂದು ಗೆರೆ ಎಳೆದಿದ್ದಾರೆ. ಸಾಮಾನ್ಯವಾಗಿ ಅರ್ಜಿದಾರನನ್ನು ಸಾಬೀತು ಮಾಡು ಎಂದು ಕೇಳುವುದಿಲ್ಲ, ಸರಿ. ಆದರೆ ಸೇವೆ ಬಿಟ್ಟು 15 ವರ್ಷ ಕಳೆದ ಮೇಲೆ ಅರ್ಜಿ ಹಾಕಿದ್ದು, ಅಷ್ಟರಲ್ಲಿ ನಿಯಮದ ಅವಧಿ ಮುಗಿದು ದಾಖಲೆ ನಾಶವಾಗಿದ್ದರೆ, ಸಾಬೀತು ಮಾಡುವ ಹೊಣೆ ಅರ್ಜಿದಾರನ ಹೆಗಲಿಗೆ ಬರುತ್ತದೆ. 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಮತ್ತೊಂದು ಹೊಸ ನಿಯಮಾವಳಿ ಬಂದಿದೆ.

ಹೀಗಾಗಿ ಸೇವೆ ಬಿಟ್ಟ ವರ್ಷ ಯಾವುದು ಎನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಯಾವ ನಿಯಮ ಅನ್ವಯ, ಯಾರ ಮೇಲೆ ಹೊಣೆ ಎಂಬ ಲೆಕ್ಕವೆಲ್ಲ ಅಲ್ಲಿಂದ ಶುರುವಾಗುತ್ತದೆ. ಹೊಣೆ ಯಾರ ಮೇಲೇ ಇರಲಿ, ಕೈಯಲ್ಲಿ ನಾಲ್ಕು ಕಾಗದ ಇದ್ದವನ ಮಾತಿಗೆ ತೂಕ ಹೆಚ್ಚು. ಅವು ಯಾವುವು, ಎಲ್ಲಿ ಸಿಗುತ್ತವೆ ನೋಡೋಣ.

ಟ್ರಂಕಿನಲ್ಲಿ ಏನು ಹುಡುಕಬೇಕು?

ಮೊದಲನೆಯದು ಬಿಡುಗಡೆ ಪುಸ್ತಕ, ಫೌಜಿಗಳು ‘ಡಿಸ್ಚಾರ್ಜ್ ಬುಕ್’ ಅನ್ನುವುದು. ಅದರಲ್ಲಿ ಬಿಡುಗಡೆಯ ಕಾರಣ ಬರೆಯುವ ಒಂದು ಸಾಲು ಇರುತ್ತದೆ. ಅಲ್ಲಿ 1954ರ ಸೇನಾ ನಿಯಮಗಳ 13(3)ನೇ ನಿಯಮ, ಮೂರನೇ ಬಾಬಿನ ಮೂರನೇ ಉಪಬಾಬು ಎಂದು ಸಂಖ್ಯೆ ನಮೂದಾಗಿದ್ದರೆ, ‘ಮುಂದಿನ ಸೇವೆಗೆ ವೈದ್ಯಕೀಯವಾಗಿ ಅನರ್ಹ’ ಎಂದು ಕಳಿಸಿದ್ದಾರೆ ಎಂದರ್ಥ. ಮೆಡಿಕಲ್ ಬೋರ್ಡಿನ ಶಿಫಾರಸಿಲ್ಲದೆ ಆ ಬಾಬಿನಲ್ಲಿ ಯಾರನ್ನೂ ಕಳಿಸುವಂತಿಲ್ಲ. ಬೋರ್ಡಿನ ವರದಿ ಕಳೆದುಹೋಗಿದ್ದರೂ ಬೋರ್ಡ್ ನಡೆದಿತ್ತು ಎಂಬುದಕ್ಕೆ ಈ ಸಾಲೇ ಸಾಕ್ಷಿ. ಅದೇ ಪುಸ್ತಕದಲ್ಲಿ ಬಿಡುಗಡೆ ಹೊತ್ತಿನ ವೈದ್ಯಕೀಯ ದರ್ಜೆಯೂ ಇರುತ್ತದೆ.

ಎರಡನೆಯದು ‘ಇಲ್ಲ’ ಎಂದು ಬಂದ ಪತ್ರ. ಪಿಂಚಣಿ ನಿರಾಕರಿಸಿ ಅಲಹಾಬಾದಿನ ಪಿಂಚಣಿ ಕಚೇರಿಯ ತೀರ್ಮಾನವನ್ನು ತಿಳಿಸಿದ ಹಳೆಯ ಪತ್ರವನ್ನು ಬೇಸರದಲ್ಲಿ ಹರಿದು ಬಿಸಾಕಿದವರು ಎಷ್ಟೋ ಮಂದಿ. ಆದರೆ ಯಾವ ಕಾಯಿಲೆ, ಯಾಕೆ ತಿರಸ್ಕಾರ, ಯಾವ ದಿನಾಂಕ ಎಂಬ ವಿವರ ಬಹುತೇಕ ಆ ಪತ್ರದಲ್ಲೇ ಇರುತ್ತದೆ. ಮುಖ್ಯ ಕಡತ ಸುಟ್ಟರೂ ಈ ಒಂದು ಹಾಳೆ ಇದ್ದರೆ ವಕೀಲನಿಗೆ ಹಿಡಿದುಕೊಳ್ಳಲು ಒಂದು ಹಿಡಿ ಸಿಕ್ಕಿದಂತೆ. ಅಪ್ರಿಯ ಪತ್ರವೆಂದು ಎಸೆಯಬೇಡಿ.

ಮೂರನೆಯದು ಆಸ್ಪತ್ರೆಯ ಚೀಟಿ. ಮಿಲಿಟರಿ ಆಸ್ಪತ್ರೆಯಿಂದ ಬಿಡುಗಡೆ ಮಾಡಿದ ಕಾಗದ, ಎಕ್ಸರೇ ಲಕೋಟೆ, ಅನಾರೋಗ್ಯದ ರಜೆಯ ಚೀಟಿ, ರೈಲ್ವೆ ವಾರಂಟಿನ ಚೂರು, ಏನಿದ್ದರೂ ತೆಗೆದಿಡಿ. ದಿನಾಂಕ ಮತ್ತು ಊರು ಸಿಕ್ಕರೆ ಆ ದಿನ ಅವನು ಎಲ್ಲಿದ್ದ ಎಂಬುದು ಗೊತ್ತಾಗುತ್ತದೆ.

ನಾಲ್ಕನೆಯದು ಮನೆಗೆ ಬರೆದ ಹಳೆಯ ಪತ್ರಗಳು. ಇದನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ‘ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದೇನೆ, ಅವ್ವನಿಗೆ ಹೇಳಬೇಡ’ ಎಂದು ಬರೆದ ಇನ್‌ಲ್ಯಾಂಡ್ ಪತ್ರದ ಮೇಲೆ ಸೇನಾ ಅಂಚೆಯ ಮುದ್ರೆ, ದಿನಾಂಕ ಎರಡೂ ಇರುತ್ತವೆ. ಅದೂ ಅಲ್ಲದೆ ಕಳಿಸಿದವರ ವಿಳಾಸದಲ್ಲಿ ಅವನ ಸೇನಾ ನಂಬರು, ಘಟಕದ ಹೆಸರು, ‘56 ಎಪಿಒ’ ಅಥವಾ ‘99 ಎಪಿಒ’ ಎಂದು ಬರೆದಿರುತ್ತದೆ. ಡಿಸ್ಚಾರ್ಜ್ ಬುಕ್ಕೇ ಕಳೆದುಹೋಗಿದ್ದರೂ ಈ ವಿಳಾಸದಿಂದ ನಂಬರು ಹಿಡಿಯಬಹುದು. ನಂಬರು ಸಿಕ್ಕರೆ ಲಾಂಗ್ ರೋಲಿನ ಸಾಲು ಹುಡುಕುವುದು ಸುಲಭವಾಗುತ್ತದೆ.

ಐದನೆಯದು ಜೊತೆಗಾರರ ಪ್ರಮಾಣಪತ್ರ. ಅದೇ ಕಂಪನಿಯಲ್ಲಿ, ಅದೇ ಕಾಲದಲ್ಲಿ ಇದ್ದ ಇಬ್ಬರು ನೋಟರಿಯ ಮುಂದೆ, ಇಂಥ ಜಾಗದಲ್ಲಿ ಇಂಥ ಹೊತ್ತಿನಲ್ಲಿ ಇವನು ಬಿದ್ದದ್ದನ್ನು, ಸ್ಟ್ರೆಚರಿನಲ್ಲಿ ಒಯ್ದದ್ದನ್ನು ಕಂಡಿದ್ದೇವೆ ಎಂದು ಬರೆದುಕೊಟ್ಟರೆ ಅದಕ್ಕೂ ಬೆಲೆಯಿದೆ. ಅವರೂ ತಮ್ಮ ನಂಬರು, ಘಟಕ, ಸೇವೆಯ ಅವಧಿ ಬರೆಯಲೇಬೇಕು. ಕಾಯಿಲೆಯ ಹೆಸರು, ಅದರ ಕಾರಣ ಹೇಳುವುದು ವೈದ್ಯರ ಕೆಲಸ, ಅದನ್ನು ಜೊತೆಗಾರ ಹೇಳಲು ಹೋಗಬಾರದು. ಕಣ್ಣಾರೆ ಕಂಡದ್ದನ್ನಷ್ಟೇ ಬರೆದರೆ ಗಟ್ಟಿ.

ಆರನೆಯದು ಊರಿಗೆ ಬಂದ ಮೇಲೆ ತೋರಿಸಿಕೊಂಡ ಸರ್ಕಾರಿ ಅಥವಾ ಖಾಸಗಿ ಆಸ್ಪತ್ರೆಯ ಕಾಗದಗಳು. ಬಿಡುಗಡೆಯಾದ ವರ್ಷದಿಂದ ಇವತ್ತಿನವರೆಗೆ ಅದೇ ತೊಂದರೆಗೆ ಔಷಧ ತಿನ್ನುತ್ತಿದ್ದಾನೆ ಎಂದು ತೋರಿಸಿದರೆ ನಡುವಿನ ಕೊಂಡಿ ಕೂಡುತ್ತದೆ.

ಇವಲ್ಲದೆ ಇಲಾಖೆಯ ಬಳಿಯೇ ಬೇರೆ ಕಾಗದಗಳೂ ಇರಬಹುದು. ಜವಾನ ಆಸ್ಪತ್ರೆಗೆ ಸೇರಿದರೆ, ರಜೆ ಹೋದರೆ, ವರ್ಗವಾದರೆ ಘಟಕದವರು ‘ಪಾರ್ಟ್ ಟು ಆರ್ಡರ್’ ಎಂಬ ದೈನಂದಿನ ಆದೇಶದಲ್ಲಿ ಪ್ರಕಟಿಸುತ್ತಾರೆ. ಅಪಘಾತವಾಗಿದ್ದರೆ ಗಾಯದ ವರದಿ, ವಿಚಾರಣೆಯ ಕಡತ ಇದ್ದಿರಬಹುದು. ಅರ್ಜಿಯಲ್ಲಿ ಬರೀ ‘ಮೆಡಿಕಲ್ ದಾಖಲೆ ಕೊಡಿ’ ಎಂದು ಬರೆದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಇವೆಲ್ಲವನ್ನೂ ಹೆಸರಿಟ್ಟು ಬೇರೆ ಬೇರೆಯಾಗಿ ಕೇಳಬೇಕು.

ಗಡಿನಾಡಿನವರ ಹೆಚ್ಚಿನ ತೊಡಕು

ನಮ್ಮ ಭಾಗದವರಿಗೆ ಮತ್ತೊಂದು ಗೋಜಲು ಇದೆ. ಊರು ಅಲ್ಲೇ ಇದ್ದರೂ ಜಿಲ್ಲೆ ಬದಲಾಗಿದೆ, ಕೆಲವೊಮ್ಮೆ ರಾಜ್ಯವೇ ಬದಲಾಗಿದೆ. ಆದವಾನಿ, ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದಲ್ಲಿದ್ದು, ಆಮೇಲೆ ಕಣ್ಣೂರಿಗೆ ಸೇರಿ, 1984ರಲ್ಲಿ ತಾನೇ ಜಿಲ್ಲೆಯಾಯಿತು. ತಾಳವಾಡಿಯ ಕಡೆಯವರು 1979ರವರೆಗೆ ಕೊಯಮತ್ತೂರು ಜಿಲ್ಲೆಯವರು, ಈಗ ಈರೋಡಿನವರು. ಹೊಸೂರು 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಗೆ ಬಂತು. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಸೇನೆಯ ಪುಸ್ತಕದಲ್ಲಿ ಇರುವುದು ಭರ್ತಿಯ ದಿನದ ಜಿಲ್ಲೆ. ಅರ್ಜಿಯಲ್ಲಿ ಈಗಿನ ವಿಳಾಸದ ಜೊತೆ ‘ಭರ್ತಿಯ ಕಾಲದ ಜಿಲ್ಲೆ ಇಂಥದ್ದು’ ಎಂದು ಬರೆಯದಿದ್ದರೆ ಹುಡುಕುವವನಿಗೆ ಗೊಂದಲವಾಗುತ್ತದೆ.

ಹೆಸರಿನದೂ ಇದೇ ಕಥೆ. ಮನೆಯಲ್ಲಿ ಈರಣ್ಣ, ಸೇನೆಯ ಪುಸ್ತಕದಲ್ಲಿ ವೀರಣ್ಣ, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಸೊಲ್ಲಾಪುರದ ಕಡೆ ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿ ಉದ್ದ ಬರೆಯುತ್ತಾರೆ. ತಮಿಳುನಾಡಿನಲ್ಲಿ ಮೊದಲೊಂದು ಅಕ್ಷರ ಹಚ್ಚಿ ಚಿಕ್ಕದು ಮಾಡುತ್ತಾರೆ. ಸಾತ್‌ಬಾರಾ ಉತಾರ, ಅಡಂಗಲ್, ಚಿಟ್ಟಾಗಳಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಇಬ್ಬರೂ ಒಬ್ಬನೇ ವ್ಯಕ್ತಿ ಎಂದು ಪ್ರಮಾಣಪತ್ರ ಮಾಡಿಸಿ, ತಹಶೀಲ್ದಾರರ ದೃಢೀಕರಣ ಪಡೆದು, ಅರ್ಜಿ ಕಳಿಸುವ ಮೊದಲೇ ಲಗತ್ತಿಸಿ. ಮರಾಠಿ, ತಮಿಳು, ಮಲಯಾಳ, ತೆಲುಗು, ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಮನೆಗೆ ಬರೆದ ಪತ್ರ ಕನ್ನಡದಲ್ಲಿದ್ದರೆ ಮೂಲದ ಪ್ರತಿಯನ್ನೂ ಅನುವಾದವನ್ನೂ ಒಟ್ಟಿಗೆ ಕೊಡಿ.

ಎಲ್ಲಿಗೆ ಬರೆಯಬೇಕು?

ದಾಖಲೆ ಕಚೇರಿ ಇರುವುದು ರೆಜಿಮೆಂಟಿನ ಊರಿನಲ್ಲಿ. ನೀವಿರುವ ರಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದ ಜತ್ತದ ಜವಾನನ ದಾಖಲೆ ನಮ್ಮ ಬೆಳಗಾವಿಯಲ್ಲಿದೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್ ಪಡೆಯದು ಬೆಂಗಳೂರಿನಲ್ಲಿ, ತೋಪಖಾನೆಯದು ನಾಸಿಕ್ ರೋಡಿನಲ್ಲಿ, ಇಎಂಇ ವಿಭಾಗದ್ದು ಸಿಕಂದರಾಬಾದಿನಲ್ಲಿ. ಯಾವುದೆಂದು ಗೊತ್ತಿಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ವಿಳಾಸ ಹೇಳುತ್ತಾರೆ, ಅರ್ಜಿ ಬರೆಯಲು ನೆರವಾಗುತ್ತಾರೆ.

ಮೊದಲು ಸಾದಾ ಅರ್ಜಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಕೇಂದ್ರ ಮಾಹಿತಿ ಆಯೋಗ. ‘ನಾಶಪಡಿಸಲಾಗಿದೆ’ ಎಂದರೆ ಯಾವ ದಿನ, ಯಾವ ಆದೇಶದ ಮೇಲೆ ನಾಶವಾಯಿತು ಎಂದೂ ಕೇಳಿ, ಲಾಂಗ್ ರೋಲಿನ ನಕಲನ್ನು ತಪ್ಪದೆ ಕೇಳಿ. ಆ ಲಿಖಿತ ಉತ್ತರವೇ ಮುಂದೆ ನಿಮ್ಮ ಸಾಕ್ಷ್ಯ. ಕಾಗದ ಕಳೆದದ್ದು ನಿಮ್ಮ ಮನೆಯಲ್ಲಲ್ಲ, ಅವರ ಕಚೇರಿಯಲ್ಲಿ ಎಂದು ಅದು ಹೇಳುತ್ತದೆ.

ಪಿಂಚಣಿ ಕೋರಿಕೆಯನ್ನೇ ತಿರಸ್ಕರಿಸಿದರೆ ಇಲಾಖೆಯೊಳಗೇ ಎರಡು ಹಂತದ ಮೇಲ್ಮನವಿ ಇದೆ. ಅಲ್ಲೂ ಆಗದಿದ್ದರೆ 2007ರ ಕಾಯ್ದೆಯಿಂದ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ನಿವೃತ್ತರು ತಾವು ವಾಸವಿರುವ ಕಡೆಯ ಪೀಠಕ್ಕೆ ಹೋಗಬಹುದು. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ. ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ಮಡಕಶಿರಾ ಕಡೆಯವರಿಗೆ ಚೆನ್ನೈ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗೋವಾದವರಿಗೆ ಮುಂಬಯಿ. ಕಡತ ಇಲ್ಲದ ಪ್ರಕರಣಗಳಲ್ಲಿ ಅರ್ಜಿದಾರನನ್ನು ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೊಮ್ಮೆ ಮೆಡಿಕಲ್ ಬೋರ್ಡಿಗೆ ಒಳಪಡಿಸಿ ಎಂದು ಮಂಡಳಿ ಆದೇಶಿಸುವುದುಂಟು. ಈಗಿನ ಸ್ಥಿತಿ ಅಲ್ಲಿ ದಾಖಲಾಗುತ್ತದೆ.

ಕಾಯಿಲೆಯವನು ತೀರಿಕೊಂಡಿದ್ದರೆ? ಮಂಡಳಿಯ ಕಾಯ್ದೆ ನಿವೃತ್ತರ ಅವಲಂಬಿತರಿಗೂ ವಾರಸುದಾರರಿಗೂ ಅನ್ವಯಿಸುತ್ತದೆ. ಹೆಂಡತಿ ಅರ್ಜಿ ಹಾಕಬಹುದು. ಆದರೆ ಹೊಸ ಮೆಡಿಕಲ್ ಬೋರ್ಡಿಗೆ ಆಗ ಅವಕಾಶವಿಲ್ಲ, ಮೇಲೆ ಹೇಳಿದ ಕಾಗದಗಳೇ ಆಧಾರ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗಬೇಕು. ‘ಅರ್ಧ ಪಾಲು ಕೊಡಿ, ಪೆನ್ಶನ್ ಮಾಡಿಸಿಕೊಡ್ತೀನಿ’ ಎಂದು ಬರುವ ದಲ್ಲಾಳಿಯ ಕೈಗೆ ಮೂಲ ಡಿಸ್ಚಾರ್ಜ್ ಬುಕ್ ಮಾತ್ರ ಕೊಡಬೇಡಿ.

ಅಮೆರಿಕದಲ್ಲಿ ಹೊತ್ತಿದ ಬೆಂಕಿ

ಸರ್ಕಾರದ ಕೈಯಲ್ಲೇ ಕಾಗದ ನಾಶವಾದಾಗ ಬೇರೆಯವರು ಏನು ಮಾಡಿದರು ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಹತ್ತಿರ ಸೈನಿಕರ ದಾಖಲೆ ಇಟ್ಟಿದ್ದ ಕಟ್ಟಡಕ್ಕೆ 1973ರ ಜುಲೈ 12ರಂದು ಬೆಂಕಿ ಬಿತ್ತು. 1.6 ಕೋಟಿಯಿಂದ 1.8 ಕೋಟಿ ಕಡತಗಳು ಹಾಳಾದವು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ದಾಖಲೆಗಳಲ್ಲಿ ಶೇ 80ರಷ್ಟು ಹೋದವು. ನಕಲು ಪ್ರತಿ ಇರಲಿಲ್ಲ.

ಅಲ್ಲಿನವರು ಸಂಬಳದ ಪಟ್ಟಿ, ಆಸ್ಪತ್ರೆಗೆ ಸೇರಿದವರ ಪಟ್ಟಿ, ಘಟಕಗಳ ಬೆಳಗಿನ ವರದಿ, ಇಂಥ ಪಕ್ಕದ ಕಾಗದಗಳಿಂದ ಒಬ್ಬೊಬ್ಬರ ಸೇವೆಯನ್ನು ಮತ್ತೆ ಕಟ್ಟಿದರು. ಜೊತೆಗಾರರ ಹೇಳಿಕೆಯನ್ನು ಸಾಕ್ಷ್ಯವಾಗಿ ಒಪ್ಪುವ ಪದ್ಧತಿ ಬಂತು. ದಾಖಲೆ ಸರ್ಕಾರದ ವಶದಲ್ಲಿದ್ದಾಗ ಕಳೆದಿದ್ದರೆ, ಸಂದೇಹದ ಲಾಭವನ್ನು ಪರಿಶೀಲಿಸಿ ತೀರ್ಮಾನದ ಕಾರಣವನ್ನು ವಿವರಿಸುವ ಸರ್ಕಾರದ ಹೊಣೆ ಇನ್ನಷ್ಟು ಹೆಚ್ಚುತ್ತದೆ ಎಂದು 1991ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಕಡತ ಹೋಗುವುದು ಬೆಂಕಿಯ ಅನಾಹುತದಿಂದಲ್ಲ, ನಿಯಮದ ಪ್ರಕಾರ. ಹಾಗಿರುವಾಗ ಪಕ್ಕದ ಕಾಗದಗಳಿಗೆ ನಮ್ಮಲ್ಲಿ ಇನ್ನೂ ಹೆಚ್ಚಿನ ಗೌರವ ಸಿಗಬೇಡವೇ?

ಎಲ್ಲರಿಗೂ ಸಿಗುವುದಿಲ್ಲ

ಸುಳ್ಳು ಆಸೆ ಹುಟ್ಟಿಸುವುದು ತರವಲ್ಲ. ಸ್ವಂತ ಕೋರಿಕೆಯ ಮೇಲೆ, ಪೂರ್ಣ ಆರೋಗ್ಯದ ದರ್ಜೆಯಲ್ಲಿ ಮನೆಗೆ ಬಂದು, ಎಷ್ಟೋ ವರ್ಷದ ಮೇಲೆ ಕಾಯಿಲೆಯಾದವನ ದಾರಿ ಬಹಳ ಕಡಿದು. ಅವಧಿ ಮುಗಿಸಿ ನಿವೃತ್ತನಾದವನ ವೈಕಲ್ಯ ಶೇ 20ಕ್ಕಿಂತ ಕಡಿಮೆಯಿದ್ದರೆ ಪಿಂಚಣಿ ಇಲ್ಲ ಎಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅದೇ ವರ್ಷ ನರಸಿಂಗ್ ಯಾದವ್ ಪ್ರಕರಣದಲ್ಲಿ, ಭರ್ತಿಯ ಹೊತ್ತಿನಲ್ಲಿ ಕಂಡುಹಿಡಿಯಲಾಗದ ಮಾನಸಿಕ ಕಾಯಿಲೆಯ ಬಗ್ಗೆ ಮೆಡಿಕಲ್ ಬೋರ್ಡಿನ ಅಭಿಪ್ರಾಯವನ್ನೇ ಎತ್ತಿಹಿಡಿದು ಅರ್ಜಿ ತಳ್ಳಿಹಾಕಿದೆ. ಕಡತ ನಾಶವಾದ ಪ್ರಕರಣಗಳಲ್ಲಿ ನ್ಯಾಯಮಂಡಳಿಯ ಪೀಠಗಳು ಅರ್ಜಿದಾರನ ವಿಳಂಬವನ್ನೂ ಇಲಾಖೆಯ ಹೊಣೆಯನ್ನೂ ತೂಗಿ ನೋಡುತ್ತವೆ. ತಕ್ಕಡಿ ಒಮ್ಮೆ ಇತ್ತ, ಒಮ್ಮೆ ಅತ್ತ.

ತಡ ಮಾಡಿದರೆ ನಷ್ಟ ಎಷ್ಟು ಎಂಬುದಕ್ಕೆ 2008ರ ತರ್ಸೆಂ ಸಿಂಗ್ ತೀರ್ಪು ನೋಡಿ. ಆತ 1983ರಲ್ಲಿ ಅನಾರೋಗ್ಯದಿಂದ ಸೇನೆ ಬಿಟ್ಟು, 1999ರಲ್ಲಿ ಹೈಕೋರ್ಟಿಗೆ ಹೋದವರು. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದದ್ದು, ಹಾಗಾಗಿ ತಡವಾಯಿತೆಂದು ಬಾಗಿಲು ಪೂರ್ತಿ ಮುಚ್ಚುವಂತಿಲ್ಲ ಎಂದಿತು ಕೋರ್ಟು. ಆದರೆ ಬಾಕಿ ಮಾತ್ರ ಅರ್ಜಿ ಹಾಕುವ ಹಿಂದಿನ ಮೂರು ವರ್ಷದ್ದಷ್ಟೇ. 16 ವರ್ಷದಲ್ಲಿ 13 ವರ್ಷದ ಹಣ ಹೋಯಿತು. ಬಡ್ಡಿ ಲೆಕ್ಕ ಬಲ್ಲ ವ್ಯಾಪಾರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ?

ಮೊತ್ತವೂ ತಳ್ಳಿಹಾಕುವಂಥದ್ದಲ್ಲ. 2016ರ ಜನವರಿ 1ರಿಂದ ಜಾರಿಗೆ ಬಂದ ಲೆಕ್ಕದಲ್ಲಿ ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30, ಶೇ 50ಕ್ಕೆ ಶೇ 15, ಹೀಗೆ ಅಂಗವಿಕಲ ಭಾಗ ಸಿಗುತ್ತದೆ. ಸೇವೆಯ ಭಾಗ ಬೇರೆ. ಅನಾರೋಗ್ಯದಿಂದ ಹೊರಗೆ ಬಂದವನ ಶೇ 20 ಅಥವಾ 30ನ್ನು ಶೇ 50 ಎಂದೇ ಎಣಿಸುವ ಪದ್ಧತಿ 1996ರ ಜನವರಿ 1ರಿಂದ ಲೆಕ್ಕಕ್ಕೆ ಬಂದಿದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದು 2014ರ ಡಿಸೆಂಬರಿನಲ್ಲಿ ರಾಂ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಇನ್ನೂ 25 ವರ್ಷ ತುಂಬದವರೇ, ಕೇಳಿ

ಕೊನೆಯದಾಗಿ, ಕಡತ ಇನ್ನೂ ಉಳಿದಿರುವವರಿಗೆ ಒಂದು ಮಾತು. 2005ರಲ್ಲಿ ಪಿಂಚಣಿಯಿಲ್ಲದೆ ಬಂದವನ ಕಡತ 2030ರವರೆಗೆ ಇರಬೇಕು, 2010ರಲ್ಲಿ ಬಂದವನದು 2035ರವರೆಗೆ. ಅರ್ಜಿ ಹಾಕುವ ಮನಸ್ಸು ಇವತ್ತು ಇಲ್ಲದಿದ್ದರೂ, ಭರ್ತಿಯ ವೈದ್ಯಕೀಯ ಹಾಳೆ, ಮೆಡಿಕಲ್ ಬೋರ್ಡಿನ ವರದಿ, ತಿರಸ್ಕಾರದ ಪತ್ರ ಈ ಮೂರರ ನಕಲನ್ನು ಈಗಲೇ ತರಿಸಿ, ಹೊಲದ ಪತ್ರಗಳ ಜೊತೆ ಕಟ್ಟಿಡಿ. ಹೊಲದ ಪತ್ರಕ್ಕಾದರೆ ತಾಲೂಕು ಕಚೇರಿಯಲ್ಲಿ ಇನ್ನೊಂದು ನಕಲು ಸಿಕ್ಕೀತು. ಇದಕ್ಕೆ ಸಿಗುವುದಿಲ್ಲ.